ಹೊಗೆಯೋ, ಹಬೆಯೋ?

ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಪರ್ವತದ ಹೊಗೆಯ ದೃಷ್ಟಾಂತವು ಚಿರಪರಿಚಿತವಾದುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಆದರೆ ಮಂಜನ್ನೇ ಹೊಗೆಯೆಂದು ಭ್ರಮಿಸಿದವನ ಊಹೆಯು ಸುಳ್ಳಾಗುವುದು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಈ ಮಾತನ್ನು ಹೇಳುತ್ತ ಬಂದ ನನಗೆ ಅದರ ನಿಜವಾದ ಬೆಲೆಯು ತಿಳಿದುದು ಚಾರ್ಮಾಡಿ ಘಟ್ಟದಲ್ಲಿ, ಒಂದು ಹಳೆಯ ಮೋಟಾರುಗಾಡಿಯ ಪಕ್ಕದಲ್ಲಿ ನಿಂತಾಗ.

ಬಂಟವಾಳದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಲ್ಲಿ ಅವನ ತಂದೆಯ ಕಾಲದ, ಎರಡೇ ಆಸನಗಳುಳ್ಳ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೊಂದು ಇದೆ. ಒಂದು ದಿನ ಅವನು ಮೂಡುಬಿದಿರೆಗೆ ಬಂದು ನನ್ನನ್ನು ಕುಳ್ಳಿರಿಸಿಕೊಂಡು, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಕೊಟ್ಟಿಗೆಹಾರದ ಕಡೆಗೆ ಹೊರಟನು. ಘಟ್ಟದ ಅರ್ಧದಲ್ಲಿ ಶಾಖವನ್ನು ತೋರಿಸುವ ಮುಳ್ಳು ಮೇಲಕ್ಕೇರಿತು. ಮುಂಭಾಗದಿಂದ ಹಬೆಯು ಎದ್ದಿತು. ಅವನು ಗಾಡಿಯನ್ನು ನಿಲ್ಲಿಸಿ, ಬೈರಾಸನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದನು. ನಾನು ಅವನ ಮಣಿಕಟ್ಟನ್ನು ಹಿಡಿದು ತಡೆದೆನು.

ಅಡುಗೆಮನೆಯ ಕುಕ್ಕರನ್ನು ಬಲ್ಲ ಗೃಹಿಣಿಯರಿಗೆ ಇದರ ಕಾರಣವನ್ನು ವಿಸ್ತರಿಸಬೇಕಾದುದಿಲ್ಲ. ಆ ಮುಚ್ಚಳದ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಹಿಡಿದಿಡುವುದು. ಚದರ ಅಂಗುಲಕ್ಕೆ 7 ಪೌಂಡಿನ ಒತ್ತಡವಿದ್ದರೆ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 111 ಡಿಗ್ರಿಯವರೆಗೆ ತಡೆಯುವುದು. ಮುಚ್ಚಳವನ್ನು ತೆರೆದೊಡನೆ ಒತ್ತಡವು ಇಳಿದು, ಅಷ್ಟು ಬಿಸಿಯಾದ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುವುದು. ಆದುದರಿಂದ ಮುಕ್ಕಾಲು ಗಂಟೆ ಸುಮ್ಮನೆ ಕಾದು, ಇಂಜಿನು ಆರಿದ ಬಳಿಕ ನೀರು ತುಂಬಿಸಿಕೊಂಡು ನಾವು ಮೆಲ್ಲಗೆ ಘಟ್ಟವಿಳಿದೆವು.

ಮರುದಿನ ಗ್ಯಾರೇಜೊಂದರಲ್ಲಿ ತೀರ್ಪು ದೊರೆಯಿತು: "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನು ಬಿಚ್ಚಬೇಕು." ಇದಕ್ಕೆ ಎರಡು ಹೇತುಗಳನ್ನು ಕೊಟ್ಟರು: ಹೆಡ್ಡಿನ ಸಂದಿಯ ಕೆಳಗೆ ನೀರಿನ ಕಲೆಯಿದೆ, ಬೆಳಿಗ್ಗೆ ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತದೆ. ಅವರು ಹೇಳಿದ ಖರ್ಚನ್ನು ಕೇಳಿ ಶಿಷ್ಯನು ಗಾಡಿಯನ್ನೇ ಮಾರಿಬಿಡಲು ಮನಸ್ಸು ಮಾಡಿದನು. "ಅಪ್ಪನ ನೆನಪಿಗೆಂದು ಉಳಿದಿದ್ದುದು ಇದೊಂದೇ, ಮಾಸ್ತರೇ" ಎನ್ನುವಾಗ ಅವನ ಧ್ವನಿಯು ಕುಗ್ಗಿತ್ತು. "ಮಾರುವುದಕ್ಕೆ ಮೊದಲು ಇನ್ನೊಬ್ಬರಿಗೆ ತೋರಿಸು" ಎಂದೆನು.

ಬೆಳ್ತಂಗಡಿಯ ವೃದ್ಧ ಮಿಸ್ತ್ರಿಯೊಬ್ಬರು ಯಾವುದನ್ನೂ ಬಿಚ್ಚದೆ ಪರೀಕ್ಷೆಗೆ ತೊಡಗಿದರು. ಇಂಜಿನಿನ ಎಣ್ಣೆಯನ್ನು ಕಡ್ಡಿಯಿಂದ ತೆಗೆದು ನೋಡಿದರು. ನೀರು ಬೆರೆತಿದ್ದರೆ ಎಣ್ಣೆಯು ಹಾಲು ಹಾಕಿದ ಕಾಫಿಯಂತಾಗುವುದು, ಇಲ್ಲಿ ಹಾಗಾಗಿರಲಿಲ್ಲ. ತಣ್ಣಗಿದ್ದ ಇಂಜಿನನ್ನು ಮುಚ್ಚಳವಿಲ್ಲದೆಯೇ ಸ್ವಲ್ಪ ಹೊತ್ತು ನಡೆಸಿದರು. ಗ್ಯಾಸ್ಕೆಟ್ ಒಡೆದಿದ್ದರೆ ಸುಟ್ಟ ಅನಿಲವು ನೀರಿನೊಳಗೆ ನುಗ್ಗಿ ಎಡೆಬಿಡದೆ ಗುಳ್ಳೆಗಳನ್ನೆಬ್ಬಿಸುವುದು, ಅದೂ ಕಾಣಲಿಲ್ಲ. ಬಿಳಿಯ ಹೊಗೆಯಾದರೋ ಹತ್ತು ನಿಮಿಷಗಳಲ್ಲಿ ಮಾಯವಾಯಿತು. ಪೆಟ್ರೋಲು ಉರಿಯುವಾಗ ಹುಟ್ಟುವ ನೀರಾವಿಯು ತಣ್ಣಗಿನ ಕೊಳವೆಯಲ್ಲಿ ಬಿಳಿದಾಗಿ ತೋರುವುದು ಸಹಜ. ಕಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಮಾತ್ರ ಸಂಶಯಕ್ಕೆಡೆ. ನಮ್ಮ ನೈಯಾಯಿಕರು ಎಚ್ಚರಿಸಿದ ಹುಸಿಹೊಗೆಯೇ ಇದು!

ಬಳಿಕ ಮುಚ್ಚಳದ ಸ್ಥಾನದಲ್ಲಿ ಒತ್ತಡಮಾಪಕವುಳ್ಳ ಕೈಪಂಪನ್ನು ಕೂರಿಸಿ 7 ಪೌಂಡಿಗೆ ಏರಿಸಿದರು. ಮುಳ್ಳು ಮೆಲ್ಲಮೆಲ್ಲನೆ ಇಳಿಯತೊಡಗಿತು. ದೀಪವನ್ನೂ ಸಣ್ಣ ಕನ್ನಡಿಯನ್ನೂ ಹಿಡಿದು ಹುಡುಕಿದಾಗ ವಾಟರ್ ಪಂಪಿನ ಅಡಿಯ ಕಿರಿದಾದ ರಂಧ್ರದಿಂದ ಹನಿಯೊಂದು ಜಾರಿತು. ಈ ರಂಧ್ರವು ದೋಷವಲ್ಲ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬೀಳಲೆಂದು ಅದನ್ನು ತಯಾರಕರೇ ಇಟ್ಟಿರುವರು. ಅದನ್ನು ಮುಚ್ಚುವುದು ಅವಿವೇಕ. ಗಾಡಿ ಓಡುವಾಗ ಆ ಹನಿಗಳನ್ನು ಫ್ಯಾನಿನ ಗಾಳಿಯು ಹಿಂದಕ್ಕೆ ಎರಚಿ ಹೆಡ್ಡಿನ ಸಂದಿಯಲ್ಲಿ ಕಲೆಮಾಡಿತ್ತು. ಕಲೆಯಿದ್ದ ಸ್ಥಳವು ಸೋರಿಕೆಯ ಸ್ಥಳವಾಗಿರಲಿಲ್ಲ. ಪಂಪೊಂದನ್ನು ಬದಲಿಸಿದುದರಲ್ಲಿ ಕೆಲಸವು ಮುಗಿಯಿತು.

ಮನೆಮಂದಿಗೆ ಇನ್ನೊಂದು ಎಚ್ಚರಿಕೆ ಅವಶ್ಯಕ. ಇಂದು ರೇಡಿಯೇಟರಿಗೆ ಹಾಕುವ ಬಣ್ಣದ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವವಿರುವುದು. ಅದರ ರುಚಿ ಸಿಹಿ, ಗುಣ ವಿಷ. ಅಂಗಳದಲ್ಲಿ ಸೋರಿದುದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯಬಹುದು. ಮಕ್ಕಳಿಗೂ ಅದೇ ಅಪಾಯ. ಆದುದರಿಂದ ಗಾಡಿಯ ಕೆಳಗೆ ಬಣ್ಣದ ಒದ್ದೆ ಕಂಡರೆ ಕೂಡಲೆ ಒರಸಿ ತೊಳೆಯತಕ್ಕದ್ದು. ಮಿಕ್ಕ ಕೂಲೆಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು.

ರಿಪೇರಿಯಾದ ಮುಂದಿನ ವಾರ ನಾವು ಅದೇ ಗಾಡಿಯಲ್ಲಿ ಚಾರ್ಮಾಡಿಯನ್ನು ನಿರಾತಂಕವಾಗಿ ಹತ್ತಿ ಇಳಿದು, ಹಿಂದಿರುಗುವಾಗ ಧರ್ಮಸ್ಥಳಕ್ಕೆ ಹೋದೆವು. ಅಲ್ಲಿನ ಕಾರುಗಳ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೆಯ ಗಾಡಿಗಳನ್ನು ಶಿಷ್ಯನು ಬಹಳ ಹೊತ್ತು ನೋಡಿದನು. ಹೊರಗೆ ಬಂದು ತನ್ನ ಗಾಡಿಯ ಮೇಲೆ ಕೈಯಿಟ್ಟು, "ನಮ್ಮದು ಇನ್ನೂ ನಡೆಯುತ್ತದೆ, ಮಾಸ್ತರೇ" ಎಂದನು. ಪರೀಕ್ಷಿಸದೆ ತೀರ್ಮಾನಿಸಿದ್ದರೆ ಆ ಮಾತನ್ನು ಕೇಳುವ ಭಾಗ್ಯವು ನನಗೆ ಇರುತ್ತಿರಲಿಲ್ಲ.