ಟ್ರಂಕಿನೊಳಗಿನ ಆನೆ

ಮೈಸೂರಿನ ಸರಸ್ವತಿಪುರಂನ ಹಳೇ ಮನೆಯೊಂದರ ನಡುಮನೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಟ್ರಂಕು. ಮುಚ್ಚಳ ಎತ್ತಿದರೆ ಮೊದಲು ನುಸಿಗುಳಿಗೆಯ ಘಾಟು, ಆಮೇಲೆ ಹಳೇ ಕಾಗದದ ವಾಸನೆ. ಸಿನಿಮಾ ಪತ್ರಿಕೆಗಳಿವೆ ಎಂದು ಕೇಳಿ ಹೋಗಿದ್ದೆ. ‘ವಿಜಯಚಿತ್ರ’, ‘ರೂಪತಾರಾ’ ಇರಬಹುದೆಂದು ಬಗ್ಗಿ ನೋಡಿದೆ. ಒಂದೂ ಇರಲಿಲ್ಲ.

“ಅವು ಎಲ್ಲರ ಮನೇಲೂ ಇದ್ವು. ಯಾರೂ ಇಟ್ಕೊಳ್ಳದ್ದನ್ನ ನಾನು ಇಟ್ಕೊಂಡೆ” ಎಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಪತ್ರಿಕೆಯಲ್ಲಿ ಹೆಸರು ಹಾಕಬಾರದೆಂಬ ಮಾತಿನ ಮೇಲೆಯೇ ಬೀಗ ತೆಗೆದಿದ್ದರು.

ಅವರು ಇಟ್ಟುಕೊಂಡಿದ್ದು ಒಂದೇ ವಿಷಯಕ್ಕೆ ಅಂಟಿಕೊಂಡ ಪತ್ರಿಕೆಗಳನ್ನು. ಖಾಕಿ ರಟ್ಟು ಹಾಕಿದ್ದ ‘ಸಿನಿಮಾ ವಿಷನ್ ಇಂಡಿಯಾ’ದ ಮೊದಲ ಸಂಚಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. 1980ರ ಜನವರಿಯದು. ಸಂಪಾದಕರು ಸಿದ್ಧಾರ್ಥ ಕಾಕ್. ಹೌದು, ಮುಂದೆ ದೂರದರ್ಶನದ ‘ಸುರಭಿ’ಯಿಂದ ನಮ್ಮ ಮನೆಮನೆಗೂ ಬಂದವರೇ. ಇಡೀ ಸಂಚಿಕೆ ಮೂಕಿ ಯುಗಕ್ಕೆ ಮೀಸಲು. ಮುಂದೆ ಸಿನಿಮಾಕ್ಕೆ ಮಾತು ಬಂದ ಬಗೆಗೆ ಒಂದು ಸಂಚಿಕೆ, ಚಿತ್ರಸಂಗೀತಕ್ಕೆ ಇನ್ನೊಂದು. ನಮ್ಮ ದೇಶದಲ್ಲಿ ಸುಮಾರು 1,300 ಮೂಕಿ ಚಿತ್ರಗಳು ತಯಾರಾದವು, ಉಳಿದಿರುವುದು ಬೆರಳೆಣಿಕೆಯಷ್ಟು. ಕೈಲಾಸಂ, ದೇವುಡು, ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ, ಮೋಹನ ಭವನಾನಿ ನಿರ್ದೇಶಿಸಿದ ‘ಮೃಚ್ಛಕಟಿಕ’ದಂಥ ಚಿತ್ರಗಳನ್ನು ಇವತ್ತು ನಾವು ಬಹುಪಾಲು ಓದಿಯೇ ತಿಳಿಯಬೇಕು. ರೀಲು ಹಾಳಾದ ಮೇಲೆ ಕಾಗದವೇ ಸಾಕ್ಷಿ.

ಇಂಥ ಪತ್ರಿಕೆಗಳು ಹೊರದೇಶಗಳಲ್ಲೂ ಬಹಳ ಇವೆ. ಇಟಲಿಯ ‘ಗ್ರಿಫಿತಿಯಾನಾ’ ಮೂಕಿ ಚಿತ್ರಗಳ ಬೆನ್ನು ಹಿಡಿಯಿತು. ಅಮೆರಿಕದಲ್ಲಿ 1958ರಲ್ಲಿ ಶುರುವಾದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ಗೆ ಭೂತ, ರಾಕ್ಷಸರ ಚಿತ್ರಗಳೇ ಸರ್ವಸ್ವ. ಫ್ರೆಡರಿಕ್ ಕ್ಲಾರ್ಕ್ 1970ರಿಂದ ಮೂರು ದಶಕ ನಡೆಸಿದ ‘ಸಿನೆಫೆಂಟಾಸ್ಟಿಕ್’ ಅದ್ಭುತ, ಭಯಾನಕ ಚಿತ್ರಗಳನ್ನು ಪಂಡಿತರ ಶ್ರದ್ಧೆಯಿಂದ ನೋಡಿತು. ನಮ್ಮ ಬೆಂಗಳೂರಿನಲ್ಲಿ 1987ರಲ್ಲಿ ಬೆಂಗಳೂರು ಫಿಲ್ಮ್ ಸೊಸೈಟಿಯ ಗೆಳೆಯರು ‘ಡೀಪ್ ಫೋಕಸ್’ ಎಂಬ ಇಂಗ್ಲಿಷ್ ತ್ರೈಮಾಸಿಕ ಹೊರತಂದರು. ಅದೇ ಸೊಸೈಟಿ 2005ರಿಂದ ನೀರಿನ ಕುರಿತ ಚಿತ್ರಗಳಿಗೆಂದೇ ಒಂದು ಚಿತ್ರೋತ್ಸವವನ್ನೂ ಕಟ್ಟಿತು. ಬರೀ ನೀರು!

ನಾನು ಬೆರಗಾದದ್ದನ್ನು ಕಂಡು ಮೇಷ್ಟ್ರು ಟ್ರಂಕಿನ ತಳದಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಪೆನ್ಸಿಲಿನಲ್ಲಿ ಗುಂಡಗಿನ ಅಕ್ಷರ. ಪುಟಕ್ಕೊಂದು ವಿಷಯ: ಮಳೆ, ರೈಲು, ಹುಲಿ, ಕಾಡು. ಕಾಡಿನ ಪುಟದಲ್ಲಿ ‘ಕಾಡು’, ‘ಗಂಧದ ಗುಡಿ’ ಅಕ್ಕಪಕ್ಕ, ಎರಡೂ 1973. ಯಾರೂ ಅಚ್ಚು ಹಾಕದ ಒಂದು ಪತ್ರಿಕೆ ಇದು ಅನ್ನಿಸಿತು. ಓದುಗರೂ ಅವರೊಬ್ಬರೇ.

‘ಆನೆ’ ಎಂಬ ಪುಟದಲ್ಲಿ ಬೆರಳು ನಿಂತಿತು. “ಇದು ನಮ್ಮೂರಿಂದು” ಎಂದರು. ‘ಎಲಿಫೆಂಟ್ ಬಾಯ್’, 1937. ರಾಬರ್ಟ್ ಫ್ಲಾಹರ್ಟಿ, ಜೋಲ್ಟನ್ ಕೊರ್ಡಾ. ಆ ವರ್ಷ ವೆನಿಸ್ಸಿನಲ್ಲಿ ನಿರ್ದೇಶನದ ಪ್ರಶಸ್ತಿ. ಫ್ಲಾಹರ್ಟಿ ಮೈಸೂರಿಗೆ ಬಂದಾಗ ಮಹಾರಾಜರು ಬಿಟ್ಟುಕೊಟ್ಟದ್ದು ಚಿತ್ತರಂಜನ್ ಮಹಲನ್ನು. ಕಾರಾಪುರದ ಕಾಡಂಚಿನಲ್ಲಿ ಹುಟ್ಟಿ, ಮಾವುತ ಅಪ್ಪನನ್ನು ಕಳೆದುಕೊಂಡು ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಹುಡುಗ ಸಾಬು ನಾಯಕನಾದ. ಅರಮನೆಯ ಆನೆ ಐರಾವತ ಅವನ ಸಹನಟನಾಯಿತು. ಸಾಬು ಲಂಡನ್ನಿಗೆ ಹೋದ, ಹಾಲಿವುಡ್ಡಿಗೆ ಹೋದ, 1963ರಲ್ಲಿ ಮೂವತ್ತೊಂಬತ್ತಕ್ಕೇ ತೀರಿಕೊಂಡ. ಆ ಮಹಲು ಮುಂದೆ ಪ್ರೀಮಿಯರ್ ಸ್ಟುಡಿಯೊಗೆ ಸೇರಿತು. ಆಮೇಲೆ ಅದು ಗ್ರೀನ್ ಹೋಟೆಲ್ ಆಯಿತು. ಸ್ಟುಡಿಯೊ 1989ರ ಬೆಂಕಿಯೊಂದಿಗೆ ನೋವಿನ ನೆನಪಾಗಿ ಉಳಿದಿದೆ.

ಇಷ್ಟೆಲ್ಲ ಇದ್ದೂ ಈ ಊರಿನ ಸಿನಿಮಾಕ್ಕೇ ಮೀಸಲಾದ ಒಂದು ಪುಟ್ಟ ಪತ್ರಿಕೆ ನಮಗೇಕೆ ಬೇಡವಾಯಿತು? ಚಂದಾ ಹಣದಲ್ಲಿ ಕಾಗದ, ಅಚ್ಚು, ಅಂಚೆಯ ಖರ್ಚು ಹುಟ್ಟುವುದಿಲ್ಲ ಎಂಬುದು ನಿಜ. ‘ಸಿನಿಮಾ ವಿಷನ್’ ಕೂಡ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಅದರ ಕೆಲವೇ ಸಂಚಿಕೆಗಳು ಇವತ್ತಿಗೂ ಸಂಶೋಧಕರ ಕೈಹಿಡಿಯುತ್ತಿವೆ. ಇಲ್ಲಿನ ಶಾಂತಲಾ ಚಿತ್ರಮಂದಿರ 2020ರಲ್ಲಿ ಮುಚ್ಚಿದಾಗ ನಾವೆಲ್ಲ ಮರುಗಿದೆವು. ಅಲ್ಲಿನ ಟಿಕೆಟ್ಟು, ಕರಪತ್ರ, ಹಾಡಿನ ಪುಸ್ತಕ ಯಾರ ಮನೆಯಲ್ಲಿವೆ ಎಂದು ಕೇಳಿಕೊಳ್ಳಲಿಲ್ಲ. ನಮ್ಮ ಗ್ರಂಥಾಲಯಗಳು ಇಂಥ ಟ್ರಂಕುಗಳನ್ನು ಹುಡುಕಿಕೊಂಡು ಹೋಗಬೇಕು. ರದ್ದಿ ಅಂಗಡಿಯ ತಕ್ಕಡಿಗಿಂತ ಮೊದಲು ಹೋಗಬೇಕು.

“ಮಕ್ಕಳು ಹೊರಗಡೆ ಇದಾರೆ. ಇವನ್ನೆಲ್ಲ ಏನ್ ಮಾಡೋದು ಅಂತ ಫೋನಿನಲ್ಲಿ ಕೇಳ್ತಿರ್ತಾರೆ” ಎಂದರು ಮೇಷ್ಟ್ರು. ಏನು ಉತ್ತರ ಕೊಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೊರಡುವ ಮುನ್ನ ಆನೆಯ ಪುಟ ಮತ್ತೆ ತೆರೆದು ಪೆನ್ಸಿಲು ನನ್ನ ಕೈಗಿಟ್ಟರು. “ನಿಮಗೆ ಯಾವುದಾದ್ರೂ ಗೊತ್ತಿದ್ರೆ ಬರೀರಿ, ಜಾಗ ಇದೆ.” ಸಾಬುವಿನ ಹೆಸರಿನ ಕೆಳಗೆ ಏಳೆಂಟು ಗೆರೆ ಖಾಲಿ ಇದ್ದವು.