ಸ್ಕ್ವಿಡ್ ಗೇಮ್ ಮೊದಲ ಕಂತು: ಕೊರಿಯನ್ ಥ್ರಿಲ್ಲರ್‌ಗೆ ಕೂರುವ ಮುನ್ನ

ಕೊರಿಯಾದ ಥ್ರಿಲ್ಲರ್ ಧಾರಾವಾಹಿ ಶುರು ಮಾಡಿ ಅರ್ಧ ಗಂಟೆಗೇ ಬಿಟ್ಟವರು ನಮ್ಮ ತಗಡೂರಿನಲ್ಲೂ ಇದ್ದಾರೆ. ಹೊಡೆದಾಟ ಅಂತ ಕೂತರೆ ಬರೀ ಸಾಲದ ಗೋಳು ಎಂಬುದು ಅವರ ದೂರು. ಹಾಗೆ ಬಿಡುವುದಕ್ಕೆ ಮೊದಲು ಇದನ್ನು ಓದಿ.

ಇವನ್ನು ಕೆ-ಡ್ರಾಮಾ ಎನ್ನುತ್ತಾರೆ, ಅಂದರೆ ಕೊರಿಯಾದ ಧಾರಾವಾಹಿ. ನಮ್ಮ ಟೀವಿ ಧಾರಾವಾಹಿಗಳಂತೆ ವರ್ಷಗಟ್ಟಲೆ ಎಳೆಯುವುದಿಲ್ಲ. ಸ್ಕ್ವಿಡ್ ಗೇಮ್‌ನ ಮೊದಲ ಸೀಸನ್, ಅಂದರೆ ಮೊದಲ ಭಾಗ, 9 ಕಂತುಗಳಿಗೇ ಮುಗಿಯುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಅದು ಬಂದದ್ದು 2021ರ ಸೆಪ್ಟೆಂಬರ್ 17ರಂದು. ಮೊದಲ ಕಂತಿಗಾಗಿಯೇ ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಅವರಿಗೆ 2022ರಲ್ಲಿ ಎಮ್ಮಿ, ಅಂದರೆ ಅಮೆರಿಕದ ಟೀವಿ ಪ್ರಶಸ್ತಿ, ಸಿಕ್ಕಿತು.

ಕಂತಿನ ಮೊದಲರ್ಧ ನಿಧಾನ, ನಿಜ. ಗಿ-ಹುನ್ ಎಂಬ ಡ್ರೈವರ್ ತಾಯಿಯ ಕಾರ್ಡಿನಿಂದ ದುಡ್ಡು ತೆಗೆದು ಕುದುರೆ ಜೂಜಿಗೆ ಹಾಕುತ್ತಾನೆ. ಗೆದ್ದದ್ದು ಜೇಬುಗಳ್ಳಿಯ ಪಾಲಾಗುತ್ತದೆ. ಸಾಲ ಕೊಟ್ಟವರು ಹಿಡಿದು, ತೀರಿಸದಿದ್ದರೆ ಮೂತ್ರಪಿಂಡ, ಕಣ್ಣು ಕೊಡುತ್ತೇನೆಂದು ರಕ್ತದಲ್ಲೇ ಬರೆಸಿಕೊಳ್ಳುತ್ತಾರೆ. ಇದೆಲ್ಲ ಯಾಕೆ ಅನ್ನಿಸಬಹುದು. 2025ರ ಆರಂಭದಲ್ಲಿ ನಂಜನಗೂಡು ತಾಲೂಕಿನಲ್ಲೇ ಮೈಕ್ರೋ ಫೈನಾನ್ಸ್ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನೆನಪಿಸಿಕೊಳ್ಳಿ. ಆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲಗಾರ ಯಾವುದಕ್ಕೆಲ್ಲ ಒಪ್ಪಿಬಿಡುತ್ತಾನೆ ಎಂಬುದು ನಮಗೆ ಗೊತ್ತಿರುವ ಸಂಗತಿ. ಅದನ್ನು ನಂಬಿಸದೆ ಮುಂದಿನ ಆಟ ನಿಲ್ಲುವುದಿಲ್ಲ.

ರೈಲು ನಿಲ್ದಾಣದ ದೃಶ್ಯ ಮಾತ್ರ ತಪ್ಪಿಸಿಕೊಳ್ಳಬೇಡಿ. ಸೂಟು ಹಾಕಿದವನೊಬ್ಬ ಮಡಚಿದ ಕಾಗದದ ಆಟಕ್ಕೆ ಕರೆಯುತ್ತಾನೆ. ನೆಲದ ಮೇಲಿನ ಕಾಗದವನ್ನು ಇನ್ನೊಂದು ಕಾಗದದಿಂದ ಹೊಡೆದು ಮಗುಚಬೇಕು. ಗೆದ್ದರೆ ಒಂದು ಲಕ್ಷ ವಾನ್, ಆಗಿನ ಲೆಕ್ಕಕ್ಕೆ ಸುಮಾರು ಆರು ಸಾವಿರ ರೂಪಾಯಿ. ಸೋತರೆ, ಕೊಡಲು ದುಡ್ಡಿಲ್ಲದವನ ಕೆನ್ನೆಗೆ ಏಟು. ಗಿ-ಹುನ್ ಏಟು ತಿನ್ನುತ್ತಲೇ ಆಡುತ್ತಾನೆ. ಇಡೀ ಕಥೆ ಆ ಕೆನ್ನೆಯಲ್ಲೇ ಇದೆ ಅನ್ನುತ್ತೇನೆ ನಾನು. ಆಮೇಲೆ ದುಡ್ಡಿಗಾಗಿ ಆಡಲು ಬಂದ, ಅವನೂ ಸೇರಿ 456 ಸಾಲಗಾರರು, ಎದುರಿಗೆ ಒಂದು ದೊಡ್ಡ ಗೊಂಬೆ. ಗೊಂಬೆ ತಿರುಗಿ ನೋಡಿದಾಗ ಅಲುಗಾಡಿದವರಿಗೆ ಗುಂಡೇಟು. ನಮ್ಮ ಮಕ್ಕಳ ಸ್ಟ್ಯಾಚ್ಯೂ ಆಟವೇ.

ಹೆಸರು ಗೊಂದಲವೇ? ಕೊರಿಯಾದಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಅಂಗಿಯ ಮೇಲಿನ ನಂಬರ್ ಹಿಡಿದರೂ ಸಾಕು: ಗಿ-ಹುನ್ 456, ಪಾಕಿಸ್ತಾನದ ಅಲಿ 199. ಅಲಿಯ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ನಮ್ಮ ದೇಶದವರು.

ಭಾಷೆ? ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇದೆ. ಕನ್ನಡದ ಡಬ್ಬಿಂಗ್‌ಗೆ ಇದ್ದ ಅಘೋಷಿತ ತಡೆ 2015ರ ಸ್ಪರ್ಧಾ ಆಯೋಗದ ಆದೇಶದ ಮೇಲೆ ಸಡಿಲವಾಯಿತಾದರೂ, ಇಂಥವಕ್ಕೆ ಕನ್ನಡ ದನಿ ಇನ್ನೂ ಅಪರೂಪ. ಇಂಗ್ಲಿಷ್ ಓದಬಲ್ಲವರು ಕೊರಿಯನ್ ದನಿಯನ್ನೇ ಇಟ್ಟುಕೊಂಡು ಸಬ್‌ಟೈಟಲ್, ಅಂದರೆ ತೆರೆಯ ಕೆಳಗೆ ಬರುವ ಸಾಲು, ಹಾಕಿಕೊಳ್ಳುವುದು ಒಳ್ಳೆಯದು. ಡಬ್ಬಿಂಗ್‌ನಲ್ಲಿ ಏದುಸಿರು, ತೊದಲು ಅರ್ಧ ಹೋಗಿಬಿಡುತ್ತದೆ.

ಖರ್ಚು: 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ದರ ಇಳಿಸಿದಾಗ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ ಆಯಿತು. ಕಟ್ಟುವ ಮೊದಲು ಈಗಿನ ದರ ನೋಡಿಕೊಳ್ಳಿ. ಈ ಪ್ಲಾನ್ ಫೋನು, ಟ್ಯಾಬ್‌ಗೆ ಮಾತ್ರ. ಟೀವಿಗೆ ಹಾಕಲು ಬರುವುದಿಲ್ಲ. ಕೆಲವು ರೀಚಾರ್ಜ್ ಪ್ಯಾಕ್‌ಗಳಲ್ಲಿ ನೆಟ್‌ಫ್ಲಿಕ್ಸ್ ಸೇರಿಯೇ ಬರುತ್ತದೆ, ಅಂಗಡಿಯಲ್ಲಿ ಕೇಳಿ. ಡೇಟಾ ಉಳಿಸಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೇವ್ ಡೇಟಾ’ ಒತ್ತಿ. ಒಂದು ಜಿಬಿಗೆ ಸುಮಾರು ಆರು ಗಂಟೆ ನೋಡಬಹುದು. ವಾಟ್ಸಾಪ್‌ನಲ್ಲೋ ಟೆಲಿಗ್ರಾಮ್‌ನಲ್ಲೋ ಬರುವ ಪುಕ್ಕಟೆ ಲಿಂಕ್ ಮುಟ್ಟಬೇಡಿ.

ಮಕ್ಕಳಾಟ ಇದೆ ಎಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ರಕ್ತ ಧಾರಾಳವಾಗಿದೆ. ಮಕ್ಕಳ ಕೈಗೂ ಹೋಗುವ ಫೋನಾದರೆ ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿ.

ಬಸ್ಸಿನಲ್ಲಿ ನಂಜನಗೂಡಿಗೋ ಮೈಸೂರಿಗೋ ಹೋಗುವವರು ವೈಫೈ ಇರುವಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಒಂದಲ್ಲ, ಎರಡು ಕಂತು. ಎರಡನೆಯದರಲ್ಲಿ ಉಳಿದ 201 ಜನ ಆಟ ನಿಲ್ಲಿಸಬೇಕೇ ಬೇಡವೇ ಎಂದು ಮತ ಹಾಕುತ್ತಾರೆ. ಒಂದೇ ಒಂದು ಮತದ ಅಂತರದಲ್ಲಿ ತೀರ್ಮಾನವಾಗುತ್ತದೆ. ಧಾರಾವಾಹಿ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಅಲ್ಲಿಗೆ ಗೊತ್ತಾಗುತ್ತದೆ.