ವೈಟ್‌ಫೀಲ್ಡಿನ ದುಂಡು ಬೀದಿ

ಬೆಂಗಳೂರಿನ ಐಟಿಪಿಎಲ್ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳನ್ನೇ ವೈಟ್‌ಫೀಲ್ಡ್ ಅಂದುಕೊಂಡವರು ಒಮ್ಮೆ ಹಗದೂರಿನ ಪಕ್ಕದ ಇನ್ನರ್ ಸರ್ಕಲ್‌ಗೆ ಹೋಗಬೇಕು. ಈ ಬೀದಿ ಹೊರಟಲ್ಲಿಗೇ ಸುತ್ತಿ ಬಂದು ಸೇರುತ್ತದೆ. ಮೂಲ ವೈಟ್‌ಫೀಲ್ಡ್ ಇದೇ.

1881ರಲ್ಲಿ ಬ್ರಿಟಿಷರು ಮೈಸೂರಿನ ಆಳ್ವಿಕೆಯನ್ನು ಒಡೆಯರಿಗೆ ಮರಳಿಸಿದರು. ಮರುವರ್ಷವೇ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಆಗ ಅರಸರಿಗೆ 19 ವರ್ಷ. ಸಂಘದ ಮುಂದಾಳು ಡಿ.ಎಸ್. ವೈಟ್, ಊರಿಗೆ ಅವರದೇ ಹೆಸರು. ರೈಲ್ವೆ, ತಂತಿ ಇಲಾಖೆಗಳ ನೌಕರಿಯನ್ನೇ ನೆಚ್ಚಿಕೊಂಡಿದ್ದ ತಮ್ಮ ಜನ ಸ್ವಂತ ನೆಲ ಉತ್ತು ನಿಲ್ಲಲಿ ಎಂಬುದು ಅವರ ಹಂಬಲ. ಜಾರ್ಖಂಡಿನ ಮೆಕ್ಲಸ್ಕಿಗಂಜ್ ಇದೇ ಆಸೆಯಿಂದ ಹುಟ್ಟಿದ್ದು ಅರ್ಧ ಶತಮಾನದ ನಂತರ, 1933ರಲ್ಲಿ.

ಊರಿನ ನಕ್ಷೆಯೇ ನನಗೆ ಹೆಚ್ಚು ಪ್ರಿಯ. ನಡುವೆ ಎಲ್ಲರಿಗೂ ಸೇರಿದ ಬಯಲು, ಅದರ ಸುತ್ತ ಬೀದಿ, ಬೀದಿಗೆ ಮುಖಮಾಡಿ ಮನೆಗಳು. ಯಾರ ಜಗುಲಿಯಲ್ಲಿ ಕುಳಿತರೂ ಕಣ್ಣೆದುರು ಅದೇ ಬಯಲು. ಇಂಥದೇ ಉದ್ಯಾನ ನಗರದ ಕಲ್ಪನೆಯನ್ನು ಇಂಗ್ಲೆಂಡಿನ ಎಬೆನೆಜರ್ ಹೋವರ್ಡ್ ಪುಸ್ತಕವಾಗಿಸಿದ್ದೇ ವೈಟ್‌ಫೀಲ್ಡ್ ಹುಟ್ಟಿದ ಮೇಲೆ, 1898ರಲ್ಲಿ.

ಮನೆಗಳು ಹಳೆಯ ಬೆಂಗಳೂರಿನ ಬಂಗಲೆಗಳ ಬಗೆಯವು. ಸುಣ್ಣದ ಗಾರೆಯ ದಪ್ಪ ಗೋಡೆ, ಎತ್ತರದ ಸೂರು, ಇಳಿಜಾರಾಗಿ ಹೊದಿಸಿದ ಮಂಗಳೂರು ಹೆಂಚು. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮುಸುಕು. ಬೆಂಗಳೂರಿಗರು ಇದನ್ನು ಮಂಕಿ ಟಾಪ್ ಅನ್ನುತ್ತಾರೆ. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಈ ಉಪಾಯದ ಮುಂದೆ ಇಂದಿನ ಗಾಜಿನ ಗೋಡೆ ಏನೂ ಅಲ್ಲ. 1880ರ ದಶಕದ ಮೆಮೋರಿಯಲ್ ಚರ್ಚ್ ಹತ್ತಿರದಲ್ಲೇ ಇದೆ. ಹ್ಯಾಮಿಲ್ಟನ್ ಎಂಬವರ ವೇವರ್ಲಿ ಇನ್‌ಗೆ ಚರ್ಚಿಲ್ ಬರುತ್ತಿದ್ದರೆಂದು ಕತೆ ಹೇಳುವವರಿದ್ದಾರೆ. 1896ರಲ್ಲಿ ಅವರು ಬೆಂಗಳೂರಿನ ದಂಡಿಗೆ ಬಂದದ್ದು ನಿಜ, ಉಳಿದದ್ದು ಬಾಯಿಮಾತು.

ಕಾಲಕ್ರಮದಲ್ಲಿ ಇದು ರೈತರ ಊರಿಗಿಂತ ನಿವೃತ್ತರ ಊರಾಯಿತು. 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂದ ಮೇಲೆ ನಿವೇಶನಕ್ಕೆ ಬಂದ ಬೆಲೆ ಮನೆಗೆ ಬರಲಿಲ್ಲ. ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್‌ಗಳೆದ್ದವು. 2023ರ ಮಾರ್ಚಿನಲ್ಲಿ ಮೆಟ್ರೊವೂ ಬಂತು.

ಪರಂಪರೆ ಉಳಿಸುವ ಮಾತು ಬಂದಾಗ ನಾವು ಒಂದೊಂದೇ ಕಟ್ಟಡವನ್ನು ಎಣಿಸುತ್ತೇವೆ. ಇಲ್ಲಿ ಅಷ್ಟು ಸಾಲದು. ನಡುವಿನ ಬಯಲು, ಬೀದಿಯ ದುಂಡು, ಅಂಗಳದ ಅಗಲ, ಮರಗಳ ಎತ್ತರ ಮೀರದ ಮನೆ, ಇವೆಲ್ಲ ಒಟ್ಟಿಗೆ ಒಂದೇ ಸ್ಮಾರಕವಾಗಿ ಪಟ್ಟಿಗೆ ಸೇರಬೇಕು.